ತಖಿಯ್ಯಾಳ ಲೋಬಾನದ ನೀರು

ಮೇಷ್ಟ್ರು ನೋಮಾನ್ ತಖಿಯ್ಯಾಳನ್ನು ಮೊದಲು ಕಂಡ ದಿನ ಅವರ ಜೇಬಿನಲ್ಲಿ ವರ್ಗಾವಣೆಯ ಕಾಗದವಿತ್ತು, ಹೆಗಲ ಮೇಲೆ ಹಾಸಿಗೆಯ ಸುರುಳಿಯಿತ್ತು, ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ಯುದ್ಧಕ್ಕೆ ಆರು ವರ್ಷ ಮೊದಲಿನ ಮಾತು. ತಾಯಿಝ್ ಪಟ್ಟಣದ ಹಳೆಯ ಪೇಟೆಯಿಂದ ಸಬಿರ್ ಬೆಟ್ಟದ ಕಡೆಗೆ ಹತ್ತುವ ಓಣಿಯಲ್ಲಿ ಅವರು ಶಾಲೆ ಹುಡುಕುತ್ತ ಬರುತ್ತಿದ್ದರು. ಓಣಿಯ ತಿರುವಿನಲ್ಲಿ ಪುಟ್ಟ ಗುಮ್ಮಟ ಹೊತ್ತ ಕಲ್ಲಿನ ನೀರಿನ ತೊಟ್ಟಿ. ಅದರ ಮೆಟ್ಟಿಲ ಮೇಲೆ ಹಳದಿ ಹೂವಿನ ಬಟ್ಟೆಯುಟ್ಟು, ಕಿವಿಯ ಪಕ್ಕಕ್ಕೆ ಕಾಮಕಸ್ತೂರಿಯ ಕುಡಿ ಸಿಗಿಸಿಕೊಂಡು ಕುಳಿತಿದ್ದ ಹೆಂಗಸು ಕೂಗಿದಳು.

"ಏ ಹಾಸಿಗೆಯವನೇ! ನೀರು ಕುಡಿದು ಹೋಗು."

"ಶಾಲೆ ಎಲ್ಲಿದೆ ಅಂತ..."

"ಶಾಲೆ ಎಲ್ಲಿಗೂ ಓಡಿ ಹೋಗಲ್ಲಪ್ಪ. ಮೊದಲು ನೀರು ಕುಡಿ, ಆಮೇಲೆ ಹೆಸರು ಹೇಳು. ಕೂತ್ಕೋ, ಕೂತ್ಕೊಂಡು ಕುಡಿ. ನಿಂತು ಕುಡಿಯೋಕೆ ನೀನೇನು ಒಂಟೇನಾ?"

"ನಾನು ಇಲ್ಲಿಗೆ ಬಂದಿರೋ ಹೊಸ ಉಸ್ತಾದ್, ಖಾಲಾ," ಎಂದರು ಮೇಷ್ಟ್ರು, ಚಿಕ್ಕಮ್ಮನನ್ನು ಕರೆಯುವಂತೆ.

ಎದುರು ಮನೆಯ ಹೊಸ್ತಿಲಲ್ಲಿ ರೊಟ್ಟಿ ಮಾರುತ್ತಿದ್ದ ಜಲೀಲಾ ಬಿದ್ದು ಬಿದ್ದು ನಕ್ಕಳು. "ಅಯ್ಯೋ ತಖಿಯ್ಯಾ! ಉಸ್ತಾದರನ್ನೇ ಒಂಟೆ ಅಂದುಬಿಟ್ಟೆಯಲ್ಲೇ!"

"ಅದಕ್ಕೇನೀಗ? ಉಸ್ತಾದರಿಗೆ ಬಾಯಾರಿಕೆ ಆಗೋದೇ ಇಲ್ವಾ? ಕುಡೀರಿ ಉಸ್ತಾದ್, ಅವಳ ಮಾತು ಬಿಡಿ. ಅವಳ ರೊಟ್ಟಿಗಿಂತ ಅವಳ ಬಾಯೇ ಬಿಸಿ."

ಮೇಷ್ಟ್ರು ಕುಳಿತು ಮೂರು ಗುಟುಕಿಗೆ ಬಟ್ಟಲು ಖಾಲಿ ಮಾಡಿದರು. ನೀರು ತಣ್ಣಗಿತ್ತು. ಅದರೊಳಗೆ ಎಲ್ಲೋ ದೂರದಲ್ಲಿ ಲೋಬಾನದ ಹೊಗೆಯ ಪರಿಮಳವಿತ್ತು. ಅವರು ಬರಿದಾದ ಬಟ್ಟಲನ್ನು ಮೂಗಿಗೆ ಹಿಡಿದದ್ದನ್ನು ನೋಡಿ ತಖಿಯ್ಯಾಳ ಮುಖ ಅರಳಿತು. ಯಾರು ಯಾವಾಗ ಹಾಗೆ ಮಾಡಿದರೂ ಅರಳುತ್ತಿತ್ತು. ಅವಳಿಗೆ ಬೇಕಾಗಿದ್ದುದು ಅಷ್ಟೇ.

ತಖಿಯ್ಯಾ ಬೆಟ್ಟದ ಮೇಲಿನ ಹಳ್ಳಿಯವಳು. ಹದಿನಾರನೆಯ ವಯಸ್ಸಿಗೆ ಮುಕ್ಬಿಲ್‌ನ ಕೈಹಿಡಿದು ಕೆಳಗಿಳಿದು ಬಂದಳು. ಮುಕ್ಬಿಲ್‌ನ ಮನೆತನದವರು ತಲೆಮಾರುಗಳಿಂದ ಆ ತೊಟ್ಟಿಯನ್ನು ನೋಡಿಕೊಂಡು ಬಂದವರು. ಯಾವ ಕಾಲದಲ್ಲೋ ಯಾರೋ ಪುಣ್ಯವಂತರು ದಾರಿಹೋಕರಿಗೆಂದು ಕಟ್ಟಿಸಿದ ಅರವಟ್ಟಿಗೆ ಅದು. ಮುಕ್ಬಿಲ್ ಬೆಳಗಿನ ಪ್ರಾರ್ಥನೆ ಮುಗಿಸಿ ತೊಟ್ಟಿ ತುಂಬಿಸುತ್ತಿದ್ದ, ತಖಿಯ್ಯಾ ಹೂಜಿಗಳನ್ನು ಸಿದ್ಧಮಾಡುತ್ತಿದ್ದಳು. ಕೆಂಡದ ಮೇಲೆ ಲೋಬಾನದ ಚೂರು ಹಾಕಿ, ಒಣಗಿದ ಹೂಜಿಯನ್ನು ಹೊಗೆಯ ಮೇಲೆ ಬೋರಲು ಹಿಡಿಯುವಳು. ಹೊಗೆ ಒಳಗೆಲ್ಲ ಸುತ್ತಾಡಿದ ಮೇಲೆ ತಟಕ್ಕನೆ ತಿರುಗಿಸಿ ನೀರು ಸುರಿದು ಬಾಯಿಗೆ ಬಟ್ಟೆ ಕಟ್ಟುವಳು. ಆ ಕಡೆ ಮನೆಮನೆಯಲ್ಲೂ ಹೀಗೆ ಮಾಡುವುದುಂಟು. ಆದರೆ ಎಷ್ಟು ಹೊತ್ತು ಹಿಡಿಯಬೇಕು, ಯಾವಾಗ ತಿರುಗಿಸಬೇಕು ಎಂಬುದು ತಖಿಯ್ಯಾಳಿಗೆ ತಿಳಿದಷ್ಟು ಇನ್ನಾರಿಗೂ ತಿಳಿಯದೆಂದು ಓಣಿಯವರು ಹೇಳುತ್ತಿದ್ದರು. ಹೊಗೆ ಹೆಚ್ಚಾದರೆ ನೀರು ಕಹಿ, ಕಡಮೆಯಾದರೆ ಬರಿಯ ಮಣ್ಣಿನ ವಾಸನೆ.

ಅವರಿಗೆ ಮಕ್ಕಳಾಗಲಿಲ್ಲ. ಇನ್ನೊಂದು ಮದುವೆ ಮಾಡಿಕೊಳ್ಳೆಂದು ನೆಂಟರು ಹೇಳಿದಾಗ ಮುಕ್ಬಿಲ್ ನಕ್ಕು ತೊಟ್ಟಿ ತೋರಿಸುತ್ತಿದ್ದನಂತೆ. ಎದೆನೋವಿನಿಂದ ಮಲಗಿದ ಕೊನೆಯ ವಾರದಲ್ಲಿ ಮಾತ್ರ ನಗಲಿಲ್ಲ.

"ಮಕ್ಕಳಿದ್ದೋರು ಸತ್ತರೆ ಮಕ್ಕಳು ದುವಾ ಮಾಡ್ತಾರೆ ತಖಿಯ್ಯಾ. ನಮಗೆ ನೀರು ಕುಡಿದೋರೇ ಮಾಡಬೇಕು. ನಿನ್ನ ಕೈಯಿಂದ ಒಬ್ಬರಾದರೂ ದಿನಾ ಕುಡೀಲಿ."

ಆ ಮಾತನ್ನು ಅವಳು ಸೆರಗಿನ ಗಂಟಿನಂತೆ ಕಾಪಾಡಿಕೊಂಡಳು. ಗಂಡನಿಲ್ಲದ ಮೇಲೆ ತುಂಬಿಸುವುದೂ ಅವಳೇ, ಹೊಗೆ ಹಿಡಿಯುವುದೂ ಅವಳೇ, ಕರೆದು ಕುಡಿಸುವುದೂ ಅವಳೇ. ಬಿಡುವಾದಾಗ ಜಲೀಲಾ ಶುಂಠಿ ಹಾಕಿ ಕಾಯಿಸಿದ ಕಾಫಿ ಸಿಪ್ಪೆಯ ಕಷಾಯ ತಂದು ಪಕ್ಕದ ಮೆಟ್ಟಿಲ ಮೇಲೆ ಕುಳಿತುಕೊಳ್ಳುವಳು. ಓಣಿಯಲ್ಲಿ ಹೋಗುವ ಬರುವ ಎಲ್ಲರ ನಡಿಗೆಯನ್ನೂ ಇಬ್ಬರೂ ಆಡಿಕೊಳ್ಳುವರು. ಜಲೀಲಾಳ ಮಗಳು ಅರ್ವಾ ಬೆಳೆದದ್ದು ಅರ್ಧ ಈ ಮೆಟ್ಟಿಲುಗಳ ಮೇಲೆಯೇ.

ಯುದ್ಧ ಬಂತು. ಪಟ್ಟಣ ಎರಡು ಹೋಳಾಯಿತು. ನಲ್ಲಿಗಳು ಮೊದಲು ಕೆಮ್ಮಿದವು, ಆಮೇಲೆ ಅದನ್ನೂ ನಿಲ್ಲಿಸಿದವು. ಕಸ ಎತ್ತುವವರಿಗೆ ಸಂಬಳವಿಲ್ಲ, ಕಸ ಓಣಿಯ ಬಾಯಿಯಲ್ಲಿ ಗುಡ್ಡವಾಯಿತು. ಕೆಳಗಿನ ಹಳ್ಳದ ಪಕ್ಕದ ಬಾವಿಗೆ ಚರಂಡಿ ಇಳಿಯುತ್ತಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಹಳದಿ ಕ್ಯಾನು ಹಿಡಿದು ಅಲ್ಲಿಗೇ ಹೋಗುತ್ತಿದ್ದರು. ಹಾಗಿರುವಾಗ ಯಾರೋ ವ್ಯಾಪಾರಿ ತನ್ನ ತಂದೆಯ ಹೆಸರಿನಲ್ಲಿ ಮೂರು ದಿನಕ್ಕೊಮ್ಮೆ ಟ್ಯಾಂಕರ್ ಕಳುಹಿಸಿ ಈ ತೊಟ್ಟಿಯನ್ನು ತುಂಬಿಸತೊಡಗಿದ. ದಾರಿಹೋಕರ ಅರವಟ್ಟಿಗೆ ಇಡೀ ಓಣಿಯ ಜೀವವಾಯಿತು. ಗುಂಡಿನ ಸದ್ದು ಹತ್ತಿರವಾದ ದಿನಗಳಲ್ಲಿ ಕೂಡ ತಖಿಯ್ಯಾ ಹೂಜಿಗೆ ಹೊಗೆ ಹಿಡಿಯುವುದನ್ನು ಬಿಡಲಿಲ್ಲ.

"ಮೇಲೆ ಆ ಹೊಗೆ ಸಾಲದು ಅಂತ ನೀನೂ ಹಾಕ್ತೀಯಾ?" ಎಂದು ಜಲೀಲಾ ಆಕಾಶ ತೋರಿಸಿ ಕೇಳುವಳು.

"ಅದು ಅವರದ್ದು, ಇದು ನನ್ನದು. ಅದರಲ್ಲಿ ಪರಿಮಳ ಇದೆಯಾ ಹೇಳು."

ಮೂರನೆಯ ವರ್ಷದ ಮೊದಲ ಮಳೆ ಕಸದ ಗುಡ್ಡವನ್ನು ತೊಳೆದು ಕೆಳಗಿಳಿಸಿತು. ಅದರ ಹಿಂದೆಯೇ ಕಾಲರಾ ಬಂತು. ಮಕ್ಕಳಿಲ್ಲದೆ ಬಾಗಿಲು ಹಾಕಿದ್ದ ಶಾಲೆಯ ಅಂಗಳದಲ್ಲಿ ಬಿಳಿಯ ಡೇರೆಗಳು ಎದ್ದವು. ಬೀಗದ ಕೈ ನೋಮಾನ್ ಮೇಷ್ಟ್ರ ಬಳಿಯಿತ್ತು. ಅವರೇ ಬೆಂಚುಗಳನ್ನು ಹೊರಗೆ ಸಾಗಿಸಿ ಜಾಗ ಮಾಡಿಕೊಟ್ಟರು.

ಡೇರೆಯಿಂದ ಇಶ್ರಾಕ್ ಎಂಬ ದಾದಿ ಒಂದು ಬೆಳಗ್ಗೆ ತೊಟ್ಟಿಯ ಬಳಿಗೆ ಬಂದಳು. ಮೂವತ್ತು ದಾಟಿದವಳು, ನಿದ್ದೆಗೆಟ್ಟ ಕಣ್ಣು, ಮೃದುವಾದ ಮಾತು.

"ಖಾಲಾ, ಟ್ಯಾಂಕರ್ ಬಂದಾಗೆಲ್ಲ ಈ ಔಷಧಿ ಇಷ್ಟು ಅಳತೆ ಹಾಕಬೇಕು. ಕ್ಲೋರಿನ್ ಅಂತಾರೆ. ಹಾಕಿ ಅರ್ಧ ಗಂಟೆ ಬಿಟ್ಟು ಕೊಡಿ."

ತಖಿಯ್ಯಾ ಡಬ್ಬಿಯ ಮುಚ್ಚಳ ತೆಗೆದು ಮೂಗು ಮುಚ್ಚಿಕೊಂಡಳು. "ಇದನ್ನ ಅತಿಥಿಗೆ ಕುಡಿಸೋದಾ ಮಗಳೇ?"

"ಅತಿಥಿ ಬದುಕಬೇಕಲ್ಲ ಖಾಲಾ."

ಅವಳು ಹಾಕಿದಳು. ಹೇಳಿದ ಅಳತೆಯಲ್ಲಿಯೇ ಹಾಕಿದಳು. ಮಾರನೆಯ ದಿನ ಮೊದಲ ಗುಟುಕು ಕುಡಿದವನು ಉಗುಳಿದ. ಆಸ್ಪತ್ರೆಯ ನೆಲ ಒರೆಸಿದ ನೀರು ಎಂದ. ಮೂರನೆಯ ದಿನ ಹೆಂಗಸರು ಕ್ಯಾನುಗಳನ್ನು ಹೊತ್ತು ಅವಳ ಮುಂದೆಯೇ ಹಾದು ಹಳ್ಳದ ಬಾವಿಗೆ ಇಳಿದರು. ಜಲೀಲಾ ಕೂಡ ಮುಖ ಸಿಂಡರಿಸಿದಳು.

"ನಲವತ್ತು ವರ್ಷ ನಿನ್ನ ನೀರು ಕುಡಿದಿದ್ದೀನಿ. ಇದು ನಿನ್ನ ನೀರಲ್ಲ ಕಣೇ."

ಆ ಮಾತು ತಖಿಯ್ಯಾಳನ್ನು ಇಡೀ ದಿನ ಕಾಡಿತು. ಜನ ಆ ಕೊಳಕು ಬಾವಿಗೆ ಹೋಗುತ್ತಿದ್ದಾರೆ ಎಂಬ ಭಯ ಒಂದು ಕಡೆ. ತನ್ನ ಕೈಯ ಬಟ್ಟಲನ್ನು ಬೇಡವೆಂದರಲ್ಲ ಎಂಬ ನೋವು ಇನ್ನೊಂದು ಕಡೆ. ಎರಡರಲ್ಲಿ ಯಾವುದು ಹೆಚ್ಚೆಂದು ಆಗ ಅವಳನ್ನು ಕೇಳಿದ್ದರೆ ಮೊದಲನೆಯದೆಂದೇ ಹೇಳುತ್ತಿದ್ದಳು. ಈಗ ಕೇಳಿದರೆ ಬಟ್ಟಲು ತೊಳೆಯಲು ಎದ್ದುಹೋಗುತ್ತಾಳೆ.

ಅವಳು ಒಂದು ಉಪಾಯ ಕಂಡುಕೊಂಡಳು. ಔಷಧಿ ಹಾಕಿದ ನೀರನ್ನೇ ಮಧ್ಯಾಹ್ನ ಹೂಜಿಗಳಿಗೆ ತುಂಬಿ, ಮಾಳಿಗೆಯ ಮೇಲೆ ಬಾಯಿ ತೆರೆದು ಸಾಲಾಗಿ ಇಟ್ಟಳು. ಬಿಸಿಲು, ಗಾಳಿ, ಮಣ್ಣಿನ ಒಡಲು ಸೇರಿ ಬೆಳಗಾಗುವಷ್ಟರಲ್ಲಿ ಆ ವಾಸನೆಯನ್ನು ಪೂರ್ತಿ ಹೀರಿಬಿಟ್ಟವು. ಆಮೇಲೆ ಬೇರೆ ಹೂಜಿಗಳಿಗೆ ಲೋಬಾನದ ಹೊಗೆ ತುಂಬಿ, ಅವುಗಳೊಳಗೆ ಆ ನೀರು ಸುರಿದಳು. ತವರಿನಲ್ಲಿ ಬಾಣಂತಿಯ ಕೋಣೆಗೂ ರೋಗಿಯ ಹಾಸಿಗೆಗೂ ಲೋಬಾನ ಹಾಕುತ್ತಿದ್ದರು. ಔಷಧಿಯೂ ಬಿತ್ತು, ಹೊಗೆಯೂ ಬಿತ್ತು, ಇನ್ನೇನು ಬೇಕು ಎಂದುಕೊಂಡಳು. ಔಷಧಿಯ ಸತ್ತ್ವ ಆ ವಾಸನೆಯ ಜೊತೆಗೇ ಹೋಗುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳೂ ಕೇಳಲಿಲ್ಲ.

ಜನ ಮರಳಿ ಬಂದರು. ಅಗಲ ಬಾಯಿಯ ಹೂಜಿಯೊಳಗೆ ಒಂದೇ ಬಟ್ಟಲು, ಅದನ್ನು ಅದ್ದುವ ಕೈಗಳು ನೂರು. ಜಲೀಲಾ ಬಟ್ಟಲನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದಳು.

"ಹಾಂ! ಈಗ ಬಂತು ನೋಡು ನಮ್ಮ ತಖಿಯ್ಯಾ."

ಒಂಬತ್ತನೆಯ ದಿನ ಓಣಿಯಲ್ಲಿ ಮೂರು ಮನೆಗಳಲ್ಲಿ ವಾಂತಿ ಭೇದಿ. ಹನ್ನೊಂದನೆಯ ದಿನ ಮುಂಜಾನೆ ಜಲೀಲಾ ರೊಟ್ಟಿಯ ಒಲೆ ಹೊತ್ತಿಸಲಿಲ್ಲ. ತಖಿಯ್ಯಾ ಹೋಗಿ ನೋಡಿದರೆ ಕೋಣೆಯ ಮೂಲೆಯಲ್ಲಿ ಮುದುಡಿ ಮಲಗಿದ್ದಳು. ಅರ್ವಾ ಬಟ್ಟೆ ಒಗೆಯುತ್ತ ಅಳುತ್ತಿದ್ದಳು.

"ನಡಿ, ಡೇರೆಗೆ ಹೋಗೋಣ."

"ಬರಲ್ಲ ಹೋಗೇ. ಅಲ್ಲಿ ತೂತಿನ ಮಂಚ ಇಟ್ಟಿದ್ದಾರಂತೆ, ಕೆಳಗೆ ಬಕೆಟ್ ಅಂತೆ. ಈ ವಯಸ್ಸಲ್ಲಿ ಗಂಡಸರು ಓಡಾಡೋ ಕಡೆ ಹಾಗೆ ಮಲಗಲಾ? ನಿನ್ನ ನೀರು ಕೊಡು, ಸಾಕು."

ತಖಿಯ್ಯಾ ಓಡಿಹೋಗಿ ಹೂಜಿ ತಂದಳು. ಗೆಳತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮಧ್ಯಾಹ್ನದವರೆಗೆ ಗುಟುಕು ಗುಟುಕಾಗಿ ಕುಡಿಸಿದಳು. ಕುಡಿದದ್ದೆಲ್ಲ ಹೊರಗೆ ಹೋಗುತ್ತಿತ್ತು. ಜಲೀಲಾಳ ಕಣ್ಣು ಗುಳಿಬಿತ್ತು, ಬೆರಳ ತುದಿಗಳು ನೆನೆದ ಬಟ್ಟೆಯಂತೆ ಸುಕ್ಕಾದವು. ಆಗ ಮೇಷ್ಟ್ರು ವಿಷಯ ತಿಳಿದು ಇಬ್ಬರನ್ನು ಕರೆತಂದರು. ತರಗತಿಯ ಬೆಂಚಿನ ಹಲಗೆಯ ಮೇಲೆ ಅವಳನ್ನು ಮಲಗಿಸಿ ಹೊತ್ತೊಯ್ದರು.

"ಉಸ್ತಾದ್," ಎಂದಳು ಜಲೀಲಾ ದಾರಿಯಲ್ಲಿ, ಕೇಳಿಸಿಯೂ ಕೇಳಿಸದ ದನಿಯಲ್ಲಿ, "ಕೊನೆಗೂ ನನ್ನನ್ನೂ ಶಾಲೆಗೆ ಸೇರಿಸಿದಿರಿ."

ಸಲೈನ್ ಸೂಜಿ ಚುಚ್ಚಲು ಇಶ್ರಾಕ್ ಎರಡೂ ಕೈಗಳಲ್ಲಿ ನರ ಹುಡುಕಿದಳು. ನರಗಳು ಬತ್ತಿಹೋಗಿದ್ದವು. ಸಂಜೆಯ ಪ್ರಾರ್ಥನೆಯ ಕರೆ ಕೇಳುವ ಮೊದಲೇ ಎಲ್ಲ ಮುಗಿಯಿತು.

ಮಾರನೆಯ ದಿನ ಇಶ್ರಾಕ್ ತೊಟ್ಟಿಯ ಬಳಿಗೆ ಬಂದಳು. ಗಾಜಿನ ಕೊಳವೆಯಲ್ಲಿ ತೊಟ್ಟಿಯ ನೀರು ತೆಗೆದು ಒಂದು ಮಾತ್ರೆ ಹಾಕಿ ಅಲುಗಾಡಿಸಿದಳು. ನೀರು ಗುಲಾಬಿ ಬಣ್ಣಕ್ಕೆ ತಿರುಗಿತು.

"ಔಷಧಿ ಸರಿಯಾಗೇ ಇದೆಯಲ್ಲ," ಎಂದಳು ಆಶ್ಚರ್ಯದಿಂದ.

ಸುತ್ತ ಹತ್ತಾರು ಜನ ನಿಂತಿದ್ದರು. ಎದುರು ಮನೆಯ ಬಾಗಿಲಲ್ಲಿ ಅರ್ವಾ ಇದ್ದಳು. ತಖಿಯ್ಯಾ ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಒಳಗೆ ಹೋಗಿ ಹೂಜಿ ತಂದಳು.

"ಇದನ್ನ ನೋಡು ಮಗಳೇ. ಎಲ್ಲರಿಗೂ ಕುಡಿಸಿದ್ದು ಇದನ್ನ."

ಇಶ್ರಾಕ್ ಮಾತ್ರೆ ಹಾಕಿದಳು, ಅಲುಗಾಡಿಸಿದಳು, ಬೆಳಕಿಗೆ ಹಿಡಿದಳು. ನೀರು ನೀರಾಗಿಯೇ ಉಳಿಯಿತು. ಎಲ್ಲರೂ ಕಾದರು. ಬಣ್ಣ ಬರಲಿಲ್ಲ.

"ವಾಸನೆ ಹೋಗಲಿ ಅಂತ ಮಾಳಿಗೆ ಮೇಲೆ ತೆರೆದಿಟ್ಟೆ," ಎಂದಳು ತಖಿಯ್ಯಾ. "ಹೊಗೆ ಹಿಡಿದೆ."

"ಖಾಲಾ, ಇದರಿಂದಲೇ ಅಂತ ಹೇಳೋಕೆ ಆಗಲ್ಲ," ಎಂದು ಇಶ್ರಾಕ್ ಮೆಲ್ಲಗೆ ಹೇಳಿದಳು. "ಕೈಯಿಂದ ಬರುತ್ತೆ, ಬಾವಿಯಿಂದ ಬರುತ್ತೆ, ನೊಣದಿಂದಲೂ ಬರುತ್ತೆ."

ಆದರೆ ಜನ ಕೊಳವೆಯನ್ನು ನೋಡಿದ್ದರು. ಯಾರೂ ಬೈಯಲಿಲ್ಲ. ಯಾರಾದರೂ ಬೈಯಲಿ ಎಂದು ತಖಿಯ್ಯಾ ಹೂಜಿಯನ್ನು ತಬ್ಬಿಕೊಂಡು ನಿಂತೇ ಇದ್ದಳು. ಒಬ್ಬೊಬ್ಬರಾಗಿ ಕರಗಿದರು. ಅರ್ವಾ ಬಾಗಿಲು ಹಾಕಿಕೊಂಡಳು, ಸದ್ದು ಮಾಡದೆ.

ಅಂದಿನಿಂದ ಓಣಿಯ ನಡಿಗೆ ಬದಲಾಯಿತು. ತೊಟ್ಟಿಯ ಬಳಿ ಬಂದಾಗ ಎಲ್ಲರೂ ಎದುರಿನ ಗೋಡೆಯ ಪಕ್ಕಕ್ಕೆ ಸರಿದು ನಡೆಯುವರು. "ಸಲಾಂ ಖಾಲಾ" ಎನ್ನುವರು, ಅದರಲ್ಲಿ ಕಡಮೆ ಮಾಡಲಿಲ್ಲ. ಬಟ್ಟಲಿಗೆ ಕೈಚಾಚುವವರು ಮಾತ್ರ ಇಲ್ಲ. ಕೆಲವು ವಾರಗಳಲ್ಲಿ ಯಾವುದೋ ಪರಿಹಾರ ಸಂಸ್ಥೆಯವರು ಓಣಿಯ ಕೆಳತುದಿಯಲ್ಲಿ ನಲ್ಲಿಗಳಿರುವ ದೊಡ್ಡ ಟ್ಯಾಂಕ್ ನಿಲ್ಲಿಸಿದರು. ವ್ಯಾಪಾರಿಯ ಟ್ಯಾಂಕರ್ ಕೂಡ ಅಲ್ಲಿಗೇ ಹೋಯಿತು. ರೋಗ ಇಳಿಯಿತು. ತೊಟ್ಟಿಯ ಅಗತ್ಯ ಯಾರಿಗೂ ಉಳಿಯಲಿಲ್ಲ.

ತಖಿಯ್ಯಾ ಹೂಜಿಗಳನ್ನು ಒಡೆಯಲಿಲ್ಲ. ತೊಳೆದು ಮಾಳಿಗೆಯ ಮೇಲೆ ಬೋರಲು ಹಾಕಿದಳು. ಲೋಬಾನದ ಡಬ್ಬಿಯನ್ನು ಮುಕ್ಬಿಲ್‌ನ ಹಳೆಯ ಕೋಟಿನ ಜೇಬಿಗೆ ಹಾಕಿ ಗೂಟಕ್ಕೆ ತೂಗುಬಿಟ್ಟಳು. ಆಮೇಲೆ ಡೇರೆಗೆ ಹೋಗಿ ಇಶ್ರಾಕ್‌ಳ ಮುಂದೆ ಕುಳಿತಳು.

"ಆ ಗಾಜಿನ ಕೊಳವೆ ನೋಡೋದು ನನಗೂ ಕಲಿಸು."

"ನಿಮಗ್ಯಾಕೆ ಖಾಲಾ ಈ ತೊಂದರೆ?"

"ಮೂಗಿಂದ ನೋಡಿ ಕೆಟ್ಟೆ. ಕಣ್ಣಿಂದ ನೋಡೋದು ಕಲೀತೀನಿ."

ಕಲಿತಳು. ಡೇರೆಗಳನ್ನು ಬಿಚ್ಚಿ ಹೊರಡುವಾಗ ಇಶ್ರಾಕ್ ಕೊಳವೆಯನ್ನೂ ಮಾತ್ರೆಗಳ ಪೊಟ್ಟಣವನ್ನೂ ಅವಳ ಕೈಗೇ ಕೊಟ್ಟುಹೋದಳು. ಕೆಳಗಿನ ಟ್ಯಾಂಕಿನ ನೀರು ನೋಡುವ ಕೆಲಸ ಹೀಗೆ ಅವಳದಾಯಿತು. ಬೆಳಗ್ಗೆ ಹೆಂಗಸರು ಕ್ಯಾನುಗಳ ಸಾಲು ಹಿಡಿದು ಕಾಯುವರು. ತಖಿಯ್ಯಾ ಕೊಳವೆಯನ್ನು ಎತ್ತಿ ಹಿಡಿಯುವಳು. ಎಲ್ಲರ ಕಣ್ಣೂ ಆ ಗುಲಾಬಿ ಬಣ್ಣದ ಮೇಲೆ ಇರುವುದು, ಹಿಡಿದ ಕೈಯ ಮೇಲೆ ಇರದು. ಬಣ್ಣ ಬಂತೆಂದರೆ ನಲ್ಲಿಗಳು ತೆರೆದುಕೊಳ್ಳುವವು, ಮಾತುಕತೆ ಶುರುವಾಗುವುದು. ಅದರ ನಡುವೆ ಅವಳು ಒಂದು ಕ್ಯಾನು ತುಂಬಿಕೊಂಡು ಮೇಲಕ್ಕೆ ಹತ್ತಿ ಬರುವಳು. ಆ ನೀರನ್ನು ತೊಟ್ಟಿಗೆ ಸುರಿಯುವಳು.

ಮೆಟ್ಟಿಲ ಮೇಲೆ ಕುಳಿತು ಮೊದಲ ಬಟ್ಟಲನ್ನು ಓಣಿಗೆಲ್ಲ ಕಾಣುವಂತೆ ತಾನೇ ಕುಡಿಯುವಳು. ಮಧ್ಯಾಹ್ನದವರೆಗೆ ಕಾಯುವಳು. ಉಳಿದದ್ದನ್ನು ಬಾಗಿಲ ಬಳಿಯ ಕಾಮಕಸ್ತೂರಿಗೆ ಹಾಕುವಳು. ಆ ವರ್ಷ ಕಾಮಕಸ್ತೂರಿ ಎದೆಯೆತ್ತರಕ್ಕೆ ಬೆಳೆಯಿತು.

ನೋಮಾನ್ ಮೇಷ್ಟ್ರು ಆಗೀಗ ಬರುತ್ತಿದ್ದರು. ಕುಳಿತು ಮೂರು ಗುಟುಕಿಗೆ ಕುಡಿದು ಬಟ್ಟಲು ಕೊಡುತ್ತಿದ್ದರು.

"ಹೇಗಿದೆ ಉಸ್ತಾದ್?"

"ಸುಳ್ಳು ಹೇಳಲಾರೆ. ಆಸ್ಪತ್ರೆ ವಾಸನೆ."

"ಹಾಗೇ ಇರಬೇಕು," ಎನ್ನುವಳು. ಮೊದಲಿನಂತೆ ಮುಖ ಅರಳುತ್ತಿರಲಿಲ್ಲ. ಆಮೇಲೆ ಮೇಷ್ಟ್ರಿಗೆ ಮಂಡಿನೋವು ಬಂದು ಓಣಿ ಹತ್ತುವುದು ತಪ್ಪಿತು.

ಮರುವರ್ಷ ಕರಾವಳಿಯ ಕಡೆ ಕಾಳಗ ಜೋರಾಗಿ, ಅಲ್ಲಿನ ಜನ ಗಂಟುಮೂಟೆ ಕಟ್ಟಿಕೊಂಡು ತಾಯಿಝ್ ಸೇರಿದರು. ಬಾಡಿಗೆ ಅಗ್ಗವಾಗಿದ್ದ ಬೆಟ್ಟದ ಬುಡಕ್ಕೆ ಹೋಗಲು ಈ ಓಣಿಯೇ ದಾರಿ. ಒಂದು ಮಧ್ಯಾಹ್ನ ಬೆನ್ನಿಗೆ ಹಾಸಿಗೆ ಕಟ್ಟಿಕೊಂಡ ಹೆಂಗಸೊಬ್ಬಳು ಬಂದು, ಕರೆಯುವ ಮೊದಲೇ ಮೆಟ್ಟಿಲ ಮೇಲೆ ಕುಸಿದು ಬಟ್ಟಲಿಗೆ ಕೈಚಾಚಿದಳು. ಎಷ್ಟೋ ತಿಂಗಳ ಮೇಲೆ ಚಾಚಿದ ಕೈ ಅದು. ಅವಳಿಗೆ ಏನೂ ಗೊತ್ತಿಲ್ಲ. ತಖಿಯ್ಯಾ ಬಟ್ಟಲು ತುಂಬಿದಳು. ಮುಕ್ಬಿಲ್‌ನ ಮಾತು ನೆನಪಾಯಿತು: ಒಬ್ಬರಾದರೂ ದಿನಾ ಕುಡೀಲಿ. ಬಟ್ಟಲು ಆ ತುಟಿಗೆ ಇನ್ನೇನು ಮುಟ್ಟಬೇಕು, ಅವಳು ತನ್ನ ಅಂಗೈ ಅಡ್ಡ ಹಿಡಿದಳು.

"ತಾಳಮ್ಮಾ. ಮೊದಲು ಕೇಳು, ಆಮೇಲೆ ಕುಡಿ."

ಹೇಳಿದಳು. ಮಾಳಿಗೆಯ ಹೂಜಿಗಳು, ಲೋಬಾನ, ಗೆಳತಿಯ ಹೆಸರು, ಬಣ್ಣ ಬಾರದ ಕೊಳವೆ, ಎಲ್ಲವನ್ನೂ ಹೇಳಿ ಇಂದಿನ ಕೊಳವೆಯನ್ನು ತೋರಿಸಿದಳು. ಹೆಂಗಸು ಅವಳ ಮುಖವನ್ನೂ ಕೊಳವೆಯನ್ನೂ ನೋಡಿ, ಬಟ್ಟಲನ್ನು ಕೆಳಗಿಟ್ಟು, ಹಾಸಿಗೆ ಎತ್ತಿಕೊಂಡು ಹೊರಟುಹೋದಳು.

ಮಾರನೆಯ ದಿನ ಬಂದ ಮುದುಕ ಪೂರ್ತಿ ಕೇಳಿ, "ಇಷ್ಟೆಲ್ಲ ಹೇಳಿಕೊಳ್ಳೋ ಕೈ ಮೋಸ ಮಾಡಲ್ಲ, ಕೊಡು ತಾಯಿ," ಎಂದು ಎರಡು ಬಟ್ಟಲು ಕುಡಿದ. ಅವನು ತಿರುವು ದಾಟಿದ ಮೇಲೂ ತಖಿಯ್ಯಾ ಆ ಬಟ್ಟಲನ್ನು ತೊಳೆಯದೆ ಕೈಯಲ್ಲೇ ಹಿಡಿದುಕೊಂಡು ಕುಳಿತಿದ್ದಳು.

ಅಲ್ಲಿಂದ ಮುಂದೆ ಹಾಗೆಯೇ ನಡೆಯಿತು. ಬಂದವರಿಗೆಲ್ಲ ಮೊದಲು ಕಥೆ, ಆಮೇಲೆ ನೀರು. ಕೆಲವರು ಕುಡಿದರು, ಕೆಲವರು ಬಟ್ಟಲು ಇಟ್ಟು ಎದ್ದುಹೋದರು. ಎದುರು ಮನೆಯ ಕಿಟಕಿಯ ಹಿಂದೆ ಅರ್ವಾಳಿಗೆ ಅದೇ ಕಥೆ ದಿನವೂ ಕೇಳಿಸುತ್ತಿತ್ತು. ಒಂದು ದಿನ ಆ ಕಿಟಕಿ ತೆರೆಯಿತು.

"ಖಾಲಾ."

ತಖಿಯ್ಯಾ ಎದ್ದು ನಿಂತಳು. ಎರಡು ವರ್ಷಗಳ ಮೇಲೆ ಕೇಳಿದ ದನಿ.

"ಕಥೆ ಹೇಳೋದಾದರೆ ಪೂರ್ತಿ ಹೇಳು. ಅಮ್ಮ ಬಾವಿ ನೀರನ್ನೂ ಕುಡಿದಿದ್ದಳು. ಕಾಯಿಲೆ ಬೀಳೋ ಹಿಂದಿನ ದಿನ. ನಾನೇ ತಂದದ್ದು."

ತಖಿಯ್ಯಾ ಏನಾದರೂ ಹೇಳುವಷ್ಟರಲ್ಲಿ ಕಿಟಕಿ ಮುಚ್ಚಿತು.

ಆ ಮಾತನ್ನು ಅವಳು ತನ್ನ ಕಥೆಗೆ ಸೇರಿಸಿಕೊಳ್ಳಲಿಲ್ಲ. ಯಾಕೆಂದು ಮೇಷ್ಟ್ರು ಒಮ್ಮೆ ಕೇಳಿದರು. ಅವಳು ಅವರ ಮನೆಗೆ ಕಾಮಕಸ್ತೂರಿಯ ಕಟ್ಟು ಕೊಡಲು ಹೋಗಿ, ಅರ್ವಾಳ ಮಾತನ್ನು ಹೇಳಿಕೊಂಡಾಗ.

"ಅದು ಆ ಹುಡುಗಿ ಹೊರೋ ಹೊರೆ ಉಸ್ತಾದ್. ದಾರೀಲಿ ಹೋಗೋರಿಗೆಲ್ಲ ನಾನು ಯಾಕೆ ಹಂಚಲಿ? ನನ್ನ ಪಾಲಿಂದು ನನಗೆ ಸಾಕು."

ಈಗಲೂ ತಖಿಯ್ಯಾ ಬೆಳಗ್ಗೆ ಕೆಳಗಿಳಿದು ಕೊಳವೆ ಎತ್ತಿ ಹಿಡಿಯುತ್ತಾಳೆ, ಒಂದು ಕ್ಯಾನು ಹೊತ್ತು ಮೇಲಕ್ಕೆ ಬರುತ್ತಾಳೆ. ದಾರಿಯಲ್ಲಿ ಎರಡು ಕಡೆ ನಿಂತು ಉಸಿರು ಸುಧಾರಿಸಿಕೊಳ್ಳುತ್ತಾಳೆ. ತೊಟ್ಟಿಯ ಮೇಲೆ ಹಿಂದೆ ಒಂದು ಬಟ್ಟಲಿರುತ್ತಿತ್ತು, ಈಗ ಎರಡಿವೆ. ಒಂದು ಬಂದವರಿಗೆ. ಇನ್ನೊಂದನ್ನು ದಿನವೂ ತುಂಬಿ, ಮೇಲೆ ತಟ್ಟೆ ಮುಚ್ಚಿ, ಎದುರು ಮನೆಯ ಕಿಟಕಿಗೆ ಕಾಣುವ ಕಡೆ ಇಡುತ್ತಾಳೆ. ಮಧ್ಯಾಹ್ನ ಅದನ್ನು ಕಾಮಕಸ್ತೂರಿಯ ಬುಡಕ್ಕೆ ಸುರಿದು, ತೊಳೆದು, ನಾಳೆಗೆಂದು ಬಿಸಿಲಿಗೆ ಬೋರಲು ಹಾಕುತ್ತಾಳೆ.